ಕಾಲೇಜು ಬಿಡುವ ಮೊದಲೇ ಕಾಲೇಜು ನೆನಪಾಗುತ್ತಿದೆ: ನಿಮಗೂ ಹೀಗಾಗಿತ್ತೇ?

ಎಂಟನೇ ಸೆಮಿಸ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ವಿಭಾಗದ ಕೊನೆಯ ಸೆಮಿಸ್ಟರ್‌ನ ವಿದ್ಯಾರ್ಥಿ. ಪ್ರಾಜೆಕ್ಟ್ ವರದಿ ಬೈಂಡಿಂಗ್ ಆಗಿ ಬಂದಿದೆ, ವೈವಾ ಒಂದು ಬಾಕಿ ಇದೆ. ಅದು ಮುಗಿದರೆ ನಾಲ್ಕು ವರ್ಷ ದಿನವೂ ಹತ್ತಿಳಿದ ಮೆಟ್ಟಿಲುಗಳನ್ನು ವಿದ್ಯಾರ್ಥಿಯಾಗಿ ಹತ್ತಲು ನನಗೆ ಕಾರಣವೇ ಉಳಿಯುವುದಿಲ್ಲ. ಕೆಲವು ದಿನಗಳಿಂದ ನನ್ನ ಮನಸ್ಸು ವಿಚಿತ್ರವಾಗಿದೆ. ಇನ್ನೂ ಇಲ್ಲಿಯೇ ಇದ್ದೇನೆ, ಆದರೆ ಇಲ್ಲಿಂದ ಹೊರಟು ಬಹಳ ಕಾಲವಾದವನು ಮರಳಿ ಬಂದು ನೋಡುವ ಹಾಗೆ ಎಲ್ಲವನ್ನೂ ನೋಡುತ್ತಿದ್ದೇನೆ.

ಮೊನ್ನೆ ವರ್ಕ್‌ಶಾಪಿನ ಮುಂದೆ ಹಾದುಹೋಗುವಾಗ ಮೊದಲ ವರ್ಷದವರು ಫಿಟ್ಟಿಂಗ್ ಮಾಡುತ್ತಿದ್ದರು. ವೈಸಿನಲ್ಲಿ ಬಿಗಿದ ಉಕ್ಕಿನ ತುಂಡಿನ ಮೇಲೆ ಅರ ಉಜ್ಜುವ ಸದ್ದು ಕಿವಿಗೆ ಬಿದ್ದೊಡನೆ ಕಾಲು ಅಲ್ಲೇ ನಿಂತಿತು. ಮೊದಲ ಸೆಮಿಸ್ಟರ್‌ನಲ್ಲಿ ನಮಗೂ ಅದೇ ಕೆಲಸ ಕೊಟ್ಟಿದ್ದರು. ಎರಡು ತುಂಡುಗಳನ್ನು, ಒಂದರೊಳಗೆ ಇನ್ನೊಂದು ಸರಿಯಾಗಿ ಕೂರುವಂತೆ, ಅರದಿಂದ ಉಜ್ಜಿ ಉಜ್ಜಿ ತಿದ್ದಬೇಕಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ಮೂಲೆ ನೆಟ್ಟಗಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಒತ್ತಿಟ್ಟು ಕಿಟಕಿಯ ಕಡೆಗೆ ಹಿಡಿದರೆ ಅಂಚಿನ ಕೆಳಗಿನಿಂದ ಒಂದು ಎಳೆ ಬೆಳಕು ತೂರಿ ಬರುತ್ತಿತ್ತು. ಆ ಎಳೆ ಕಾಣಿಸುವಷ್ಟು ದಿನವೂ ಇನ್‌ಸ್ಟ್ರಕ್ಟರ್ ಮಾತಾಡದೆ ತುಂಡನ್ನು ಹಿಂದಕ್ಕೆ ಕೊಡುತ್ತಿದ್ದರು. ಅದು ಹೊತ್ತು ಕಳೆಯುವ ಕೆಲಸವೆಂದೇ ಆಗ ಅಂದುಕೊಂಡಿದ್ದೆ. ಮರುವರ್ಷ ಮಾಪನದ ತರಗತಿಯಲ್ಲಿ 0.02 ಮಿಲಿಮೀಟರ್ ಎಂದು ಬೋರ್ಡಿನ ಮೇಲೆ ಬರೆದಾಗ, ಅದು ಎಷ್ಟು ಸಣ್ಣದೆಂಬುದು ನನ್ನ ಕೈಗೆ ಮೊದಲೇ ಗೊತ್ತಿತ್ತು.

ಇದಕ್ಕಿಂತ ಹೆಚ್ಚಾಗಿ ನೆನಪಾಗುವುದು ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನ ಒಂದು ಮಧ್ಯಾಹ್ನ. ಯೂನಿವರ್ಸಲ್ ಟೆಸ್ಟಿಂಗ್ ಮಷಿನ್ನಿನ ಹಿಡಿಗಳಿಗೆ 10 ಮಿಲಿಮೀಟರ್ ವ್ಯಾಸದ ಮೈಲ್ಡ್ ಸ್ಟೀಲ್ ಸರಳನ್ನು ಕಚ್ಚಿಸಿ ಎಳೆಯತೊಡಗಿದೆವು. ಒಬ್ಬ ವಾಲ್ವ್ ತಿರುಗಿಸುತ್ತಿದ್ದ, ಒಬ್ಬ ಡಯಲ್ ಓದಿ ಹೇಳುತ್ತಿದ್ದ, ಒಬ್ಬಳು ಬರೆದುಕೊಳ್ಳುತ್ತಿದ್ದಳು, ಸರಳು ಎಷ್ಟು ಹಿಗ್ಗಿತೆಂದು ಅಳೆಯುವುದು ನನ್ನ ಪಾಲಿನ ಕೆಲಸ. ಒಂದೇ ಸಮನೆ ಏರುತ್ತಿದ್ದ ಮುಳ್ಳು 20 ಕಿಲೋನ್ಯೂಟನ್ ದಾಟಿ ಸ್ವಲ್ಪದರಲ್ಲೇ ನಿಂತುಬಿಟ್ಟಿತು, ತುಸು ಹಿಂದಕ್ಕೂ ಸರಿಯಿತು. ಯಂತ್ರ ಎಳೆಯುತ್ತಲೇ ಇತ್ತು, ಸರಳು ಹಿಗ್ಗುತ್ತಲೇ ಇತ್ತು, ಭಾರ ಮಾತ್ರ ಏರಲಿಲ್ಲ. ಪರೀಕ್ಷೆಗಳಲ್ಲಿ ಅದೆಷ್ಟೋ ಸಲ ಗೆರೆ ಎಳೆದು ತೋರಿಸಿದ್ದ ಯೀಲ್ಡ್ ಪಾಯಿಂಟ್ ಎಂದರೆ ಇದೇ ಎಂದು ನಾಲ್ವರಿಗೂ ಒಟ್ಟಿಗೇ ಹೊಳೆಯಿತು. ಆಮೇಲೆ ಭಾರ ಮತ್ತೆ ಏರಿತು, ಸರಳು ನಡುವೆ ಸೊಂಟದಂತೆ ಸಣ್ಣಗಾಯಿತು, ದೊಡ್ಡ ಸದ್ದಿನೊಡನೆ ಮುರಿಯಿತು. ಮುರಿದ ತುದಿಯನ್ನು ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಒಂದು ತುಂಡಿನ ಬಾಯಿ ಬಟ್ಟಲಿನಂತೆ ತಗ್ಗಾಗಿತ್ತು, ಇನ್ನೊಂದರದು ಶಂಕುವಿನಂತೆ ಉಬ್ಬಿತ್ತು. ಅದೇ ದಿನ ಎಳೆದ ಎರಕದ ಕಬ್ಬಿಣ ಯಾವ ಮುನ್ಸೂಚನೆಯನ್ನೂ ಕೊಡದೆ ಚಪ್ಪಟೆಯಾಗಿ ತುಂಡಾಗಿತ್ತು. ಮೈಲ್ಡ್ ಸ್ಟೀಲ್ ಹಾಗಲ್ಲ, ಮುರಿಯುವ ಮೊದಲು ಹೇಳಿ ಮುರಿಯುತ್ತದೆ ಎಂದು ನಮ್ಮಲ್ಲೊಬ್ಬ ಹೇಳಿದ ಮಾತು ಇಂದಿಗೂ ನಮ್ಮ ನಡುವೆ ಓಡಾಡುತ್ತಿದೆ.

ನನ್ನ ಪ್ರಶ್ನೆ ಇಷ್ಟು. ಇನ್ನೂ ಮುಗಿಯದ ಕಾಲವನ್ನು ಹೀಗೆ ನೆನೆಯುವುದು ಸಹಜವೇ, ಅಥವಾ ಮುಂದೇನು ಎಂಬ ಅಳುಕೇ ಅಕ್ಕರೆಯಾಗಿ ತೋರುತ್ತಿದೆಯೇ? ಓದು ಮುಗಿಸಿ ವರ್ಷಗಳಾದವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ನಿಜವಾಗಿ ಉಳಿದದ್ದು ಯಾವುದು, ಇರುವಾಗಲೇ ನೋಡಿಟ್ಟುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುವುದು ಯಾವುದು?

ಸ್ಟಾಫ್ ಹಿಡಿದವನು

ನಾನು ಸಿವಿಲ್ ಓದಿ ಹದಿನಾಲ್ಕು ವರ್ಷಗಳಾದವು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಮೊದಲನೆಯದಕ್ಕೆ ಉತ್ತರ ಅದರೊಳಗೇ ಸಿಗಬಹುದು.

ನನ್ನಲ್ಲಿ ಉಳಿದದ್ದು ಸರ್ವೆ ಕ್ಯಾಂಪಿನ ಒಂದು ಸಂಜೆ. ಬೆಳಿಗ್ಗೆ ಎತ್ತರ ಗೊತ್ತಿರುವ ಗುರುತಿನಿಂದ, ಅಂದರೆ ಬೆಂಚ್‌ಮಾರ್ಕಿನಿಂದ, ಲೆವೆಲಿಂಗ್ (ನೆಲದ ಎತ್ತರ ಅಳೆಯುವ ಕೆಲಸ) ಶುರು ಮಾಡಿ, ಸುಮಾರು 2 ಕಿಲೋಮೀಟರ್ ಸುತ್ತಿ, ಮತ್ತೆ ಅದೇ ಬೆಂಚ್‌ಮಾರ್ಕಿಗೆ ಬಂದು ಮುಟ್ಟಿದ್ದೆವು. ಹೊರಟಲ್ಲಿಗೇ ಬಂದರೆ ಎತ್ತರವೂ ಹೊರಟಾಗ ಇದ್ದಷ್ಟೇ ಬರಬೇಕು. ಸಣ್ಣ ವ್ಯತ್ಯಾಸಕ್ಕೆ ಅವಕಾಶವಿರುತ್ತದೆ. ನಮಗೆ ಹಾಕಿಕೊಟ್ಟಿದ್ದ ಮಿತಿ, ಕಿಲೋಮೀಟರಿನಲ್ಲಿರುವ ದೂರದ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್, ಅಂದರೆ ನಮ್ಮ ಸುತ್ತಿಗೆ 34 ಮಿಲಿಮೀಟರಿನ ಆಸುಪಾಸು. ನಮಗೆ ಬಂದ ವ್ಯತ್ಯಾಸ 1.008 ಮೀಟರ್. ಬ್ಯಾಕ್‌ಸೈಟ್‌ಗಳ (ಹಿಂದಿನ ಬಿಂದುವಿನ ಓದುಗಳ) ಮೊತ್ತದಿಂದ ಫೋರ್‌ಸೈಟ್‌ಗಳ (ಮುಂದಿನ ಬಿಂದುವಿನ ಓದುಗಳ) ಮೊತ್ತವನ್ನು ಕಳೆದು ನೋಡಿದೆವು, ಕೂಡಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಪುಸ್ತಕದಲ್ಲಿಲ್ಲ, ಬಯಲಿನಲ್ಲಿದೆ. ಎಲ್ಲೋ ಒಂದು ಕಡೆ ಸ್ಟಾಫಿನ, ಅಂದರೆ ನೆಟ್ಟಗೆ ನಿಲ್ಲಿಸುವ ಅಳತೆಗೋಲಿನ, ಮೇಲಿನ ಮೀಟರ್ ಅಂಕಿಯನ್ನೇ ತಪ್ಪಾಗಿ ಓದಿದ್ದೇವೆ.

ಪೊದೆಯೊಂದು ಸ್ಟಾಫಿನ ಅರ್ಧವನ್ನು ಮರೆಮಾಡಿದ್ದ ಜಾಗ ನನಗೆ ನೆನಪಾಯಿತು, ಏಕೆಂದರೆ ಅಲ್ಲಿ ಸ್ಟಾಫ್ ಹಿಡಿದು ನಿಂತವನು ನಾನೇ. ಅಲ್ಲಿ ಅಂಕಿ ಓದಿದ್ದ ಗೆಳೆಯನ ಮುಖ ಬಾಡಿತು. ಅವನ ತಪ್ಪೆಂದು ಆರು ಜನರಲ್ಲಿ ಒಬ್ಬರೂ ಹೇಳಲಿಲ್ಲ. ಟಾರ್ಚ್ ಹಿಡಿದು ಎಲ್ಲರೂ ವಾಪಸು ಹೋದೆವು, ಅಂಕಿ ಓದುವ ದುರ್ಬೀನನ್ನು, ಅಂದರೆ ಲೆವೆಲನ್ನು, ಅಲ್ಲಿ ನಿಲ್ಲಿಸಿದೆವು. ನಾನು ಸ್ಟಾಫನ್ನು ಅವನ ಕಡೆಗೂ ನನ್ನ ಕಡೆಗೂ ನಿಧಾನವಾಗಿ ಬಾಗಿಸುತ್ತಿದ್ದೆ. ಹಾಗೆ ಬಾಗಿಸುವಾಗ ಕಾಣುವ ಅತಿ ಕಡಿಮೆ ಅಂಕಿಯೇ ಸ್ಟಾಫ್ ನೆಟ್ಟಗೆ ನಿಂತಾಗಿನ ಅಂಕಿ, ಅದೇ ಸರಿಯಾದ ಓದು. ಒಬ್ಬ ಟಾರ್ಚಿನ ಬೆಳಕನ್ನು ಅಂಕಿಗಳ ಮೇಲೆ ಹಾಯಿಸುತ್ತಿದ್ದ. ಕತ್ತಲೆಯ ಆಚೆಯಿಂದ "ಎರಡು ಮುನ್ನೂರ ಎಂಬತ್ತೈದು" ಎಂದು ಅವನು ಕೂಗಿದ. ಪುಸ್ತಕದಲ್ಲಿ 1.385 ಎಂದಿತ್ತು. ಉಳಿದ 8 ಮಿಲಿಮೀಟರ್ ಮಿತಿಯೊಳಗೇ ಇತ್ತು. ಆ ಮೇಲೆ ನಾನು ದೊಡ್ಡ ದೊಡ್ಡ ಕೆಲಸಗಳಲ್ಲಿ ಪಾಲು ಪಡೆದಿದ್ದೇನೆ, ಆದರೆ ಒಂದು ಅಂಕಿ ಕೇಳಿ ಅಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ಇನ್ನು ನೋಡಿಟ್ಟುಕೊಳ್ಳಬೇಕಿತ್ತು ಎನ್ನಿಸುವುದು. ನಮ್ಮ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ರೆನಾಲ್ಡ್ಸ್ ಪ್ರಯೋಗದ ಉಪಕರಣವಿತ್ತು. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯೊಳಗೆ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ಏನನ್ನು ಕಂಡನೋ, ಅದನ್ನೇ ನಾವೂ ಕಾಣುವ ಅವಕಾಶ ಅಲ್ಲಿತ್ತು: ನೀರು ನಿಧಾನವಾಗಿದ್ದರೆ ಎಳೆ ಗೆರೆ ಎಳೆದಂತೆ ನೇರವಾಗಿ ಸಾಗುತ್ತದೆ, ವೇಗ ಹೆಚ್ಚಿಸುತ್ತಾ ಹೋಗಿ ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ, ಕೊಳವೆಯ ವ್ಯಾಸ, ದ್ರವದ ಸ್ನಿಗ್ಧತೆಗಳಿಂದ ಲೆಕ್ಕಹಾಕುವ ಅಂಕಿ) ಎರಡು ಸಾವಿರವನ್ನು ದಾಟಿದ ಮೇಲೆ ಒಂದು ಹಂತದಲ್ಲಿ ಅದು ನಡುಗಿ, ಒಡೆದು, ಕೊಳವೆಯನ್ನೆಲ್ಲ ತುಂಬುತ್ತದೆ. ನನ್ನ ರೆಕಾರ್ಡಿನಲ್ಲಿ ಆ ಪ್ರಯೋಗಕ್ಕೆ ಪೂರ್ಣ ಅಂಕ ಬಂದಿದೆ. ಆದರೆ ಅಂದು ರೀಡಿಂಗ್ ತೆಗೆಯುವ ಅವಸರದಲ್ಲಿ ನಾನು ನಿಲುಗಡಿಯಾರವನ್ನೂ ಅಳತೆಯ ಜಾಡಿಯನ್ನೂ ನೋಡಿದೆನೇ ಹೊರತು ನೀರನ್ನು ನೋಡಲಿಲ್ಲ. ನಿಮಗೆ ಇನ್ನೂ ದಿನಗಳಿವೆ. ಹೋಗಿ ನೀರನ್ನು ನೋಡಿ.

ಬ್ರೆಡ್‌ಬೋರ್ಡ್

ಎಲೆಕ್ಟ್ರಾನಿಕ್ಸ್ ಓದಿದವಳು ನಾನು. ಮೇಲಿನವರು ಹೇಳಿದ ನೀರಿನ ಮಾತು ನನ್ನನ್ನೂ ತಟ್ಟಿತು, ಏಕೆಂದರೆ ನನಗೆ ಇದಕ್ಕೆ ವಿರುದ್ಧವಾದ ಅದೃಷ್ಟ ಸಿಕ್ಕಿತ್ತು: ನಾನು ನೋಡಿದ್ದೆ, ಆದರೆ ಕಂಡದ್ದನ್ನು ನಂಬಿರಲಿಲ್ಲ.

ನಾಲ್ಕನೆಯ ಸೆಮಿಸ್ಟರ್‌ನಲ್ಲಿ ಸಿಗ್ನಲ್ಸ್ ವಿಷಯದ ಲ್ಯಾಬ್. ಸೈನ್ ಅಲೆಗಳನ್ನು ಒಂದರ ಮೇಲೊಂದು ಕೂಡಿಸಿ ಚೌಕಾಕಾರದ ಅಲೆಯನ್ನು ಕಟ್ಟುವ ಪ್ರೋಗ್ರಾಂ ಬರೆಯಬೇಕಿತ್ತು. ಮೂಲ ಅಲೆ, ಅದರ ಮೂರರಷ್ಟು ಆವರ್ತನದ್ದು ಮೂರನೇ ಒಂದು ಎತ್ತರದಲ್ಲಿ, ಐದರಷ್ಟರದ್ದು ಐದನೇ ಒಂದು ಎತ್ತರದಲ್ಲಿ, ಹೀಗೆ ಬೆಸ ಸಂಖ್ಯೆಗಳು ಮಾತ್ರ. ಜೋಸೆಫ್ ಫೂರಿಯೆ 1822ರಲ್ಲಿ ಶಾಖದ ಹರಿವಿನ ಕುರಿತು ಪ್ರಕಟಿಸಿದ ಗ್ರಂಥದಿಂದ ಹೊರಟ ವಿದ್ಯೆ ಅದು. ಐದು ಅಲೆಗಳನ್ನು ಕೂಡಿಸಿದಾಗ ದುಂಡಗಿದ್ದದ್ದು ಚಪ್ಪಟೆಯಾಗುತ್ತಾ ಬಂತು, ಐವತ್ತು ಕೂಡಿಸಿದಾಗ ಗೋಡೆ ಕಟ್ಟಿದ ಹಾಗೆ ನೆಟ್ಟಗಾಯಿತು. ಆದರೆ ಮೂಲೆಯಲ್ಲಿ ಒಂದು ಸಣ್ಣ ಕೊಂಬು ಉಳಿಯಿತು. ನೂರು ಕೂಡಿಸಿದೆ, ಐನೂರು ಕೂಡಿಸಿದೆ. ಕೊಂಬು ತೆಳ್ಳಗಾಯಿತು, ಕುಗ್ಗಲಿಲ್ಲ. ನನ್ನ ಪ್ರೋಗ್ರಾಮಿನಲ್ಲೇ ದೋಷವಿದೆ ಎಂದು ನಾನೂ ನನ್ನ ಲ್ಯಾಬ್ ಜೊತೆಗಾತಿಯೂ ಒಂದೊಂದು ಸಾಲನ್ನೂ ಮತ್ತೆ ಬರೆದೆವು. ಮೂರು ದಿನ ಇದೇ ಕೆಲಸ. ಹಾಸ್ಟೆಲಿನ ಓಣಿಯಲ್ಲಿ ಅವಳು ನಡುರಾತ್ರಿ ಬಾಗಿಲು ತಟ್ಟಿ, ಕೊಂಬಿನ ಎತ್ತರ ಪ್ರತಿ ಸಲವೂ ಒಂದೇ ಬರುತ್ತಿದೆಯಲ್ಲವೇ, ತಪ್ಪಾಗಿದ್ದರೆ ಅಷ್ಟು ನಿಯಮಬದ್ಧವಾಗಿ ಬರುವುದೇ ಎಂದು ಕೇಳಿದಳು.

ನಾಲ್ಕನೆಯ ದಿನ ನಮ್ಮ ಲೆಕ್ಚರರ್ ಅದನ್ನು ನೋಡಿ, ಇದು ದೋಷವಲ್ಲ, ಗಣಿತದ ಸ್ವಭಾವವೇ ಹೀಗೆ, ಇದಕ್ಕೆ ಗಿಬ್ಸ್ ಪರಿಣಾಮವೆಂದು ಹೆಸರು ಎಂದರು. ನೆಗೆತದ ಒಟ್ಟು ಎತ್ತರದಲ್ಲಿ ಸುಮಾರು 9 ಪ್ರತಿಶತದಷ್ಟು ಆ ಕೊಂಬು ಮೇಲೆದ್ದೇ ಇರುತ್ತದೆ, ಎಷ್ಟು ಅಲೆಗಳನ್ನು ಕೂಡಿಸಿದರೂ. ವಿಲ್‌ಬ್ರಹಾಮ್ ಎಂಬವರು 1848ರಲ್ಲೇ ಅದನ್ನು ಗುರುತಿಸಿದ್ದರು, 1899ರಲ್ಲಿ ಗಿಬ್ಸ್ ಮತ್ತೆ ವಿವರಿಸಿದ ಮೇಲೆ ಅವರ ಹೆಸರು ನಿಂತಿತು. ನಾವಿಬ್ಬರೂ ಪುಸ್ತಕ ತೆರೆಯದೆ, ಹೆಸರು ತಿಳಿಯದೆ, ಅದನ್ನು ನಮ್ಮ ಪಾಡಿಗೆ ಕಂಡುಕೊಂಡಿದ್ದೆವು ಎಂಬುದು ಮನಸ್ಸಿಗೆ ಬಂದ ಗಳಿಗೆ ನಾನು ಎಂಜಿನಿಯರ್ ಆದೆನೆಂದು ನನ್ನ ಭಾವನೆ. ಪದವಿ ಪತ್ರ ಆಮೇಲೆ ಬಂತು.

ಅಳುಕೋ ಅಕ್ಕರೆಯೋ ಎಂದು ನೀವು ಕೇಳಿದ್ದೀರಿ. ನನ್ನ ಅನುಭವದಲ್ಲಿ ಎರಡೂ ಒಟ್ಟಿಗೇ ಇದ್ದವು, ಬೇರ್ಪಡಿಸುವ ಅಗತ್ಯ ನನಗೆ ಕಾಣಲಿಲ್ಲ. ಆದರೆ ಅಳುಕು ಕೆಲಸಕ್ಕೆ ಸೇರಿದ ಮೂರು ತಿಂಗಳಲ್ಲಿ ಹೋಯಿತು. ಆ ಜೊತೆಗಾತಿಯೊಡನೆ ಈಗಲೂ ಯಾವುದಾದರೂ ಲೆಕ್ಕ ಒಗಟಾದರೆ ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ, "ಇದು ದೋಷವೋ, ಕೊಂಬೋ?"

ಗಣಿತದಲ್ಲಿ ಎರಡು ಬಾರಿ

ಮೇಲಿನ ಬರಹಗಳನ್ನು ಗೌರವದಿಂದ ಓದಿದೆ. ನನ್ನದು ಸ್ವಲ್ಪ ಬೇರೆ ಮಾತು, ಅದಕ್ಕೂ ಇಲ್ಲಿ ಜಾಗವಿರಲಿ ಎಂದು ಬರೆಯುತ್ತಿದ್ದೇನೆ.

ಮೂರನೆಯ ಸೆಮಿಸ್ಟರ್‌ನ ಗಣಿತದಲ್ಲಿ ನಾನು ಎರಡು ಬಾರಿ ಅನುತ್ತೀರ್ಣನಾದೆ. ಬ್ಯಾಕ್‌ಲಾಗ್ ಇಟ್ಟುಕೊಂಡು ಮುಂದಿನ ಸೆಮಿಸ್ಟರ್‌ನ ಪಾಠ ಕೇಳುವುದೆಂದರೆ ಏನೆಂಬುದು ಅನುಭವಿಸಿದವರಿಗೆ ಗೊತ್ತು: ಕೈ ನೋಟ್ಸ್ ಬರೆಯುತ್ತಿರುತ್ತದೆ, ತಲೆಯಲ್ಲಿ ಹಳೆಯ ಪತ್ರಿಕೆಯ ಆರನೆಯ ಪ್ರಶ್ನೆ ಓಡುತ್ತಿರುತ್ತದೆ. ಫಲಿತಾಂಶದ ದಿನ ಗುಂಪಿನಿಂದ ದೂರ ನಿಂತಿದ್ದೇನೆ. ಮನೆಗೆ ಸುಳ್ಳು ಹೇಳಿದ್ದೇನೆ. ಹಾಗಿದ್ದೂ ಕೊನೆಯ ಸೆಮಿಸ್ಟರ್‌ನಲ್ಲಿ ನನಗೂ ನಿಮಗಾದಂತೆಯೇ ಆಯಿತು, ಎಲ್ಲದರ ಮೇಲೂ ಪ್ರೀತಿ ಬಂತು, ಆ ಮೂರನೆಯ ಸೆಮಿಸ್ಟರ್ ಕೂಡ ಎಲ್ಲೋ ಮರೆಯಾಯಿತು.

ಹೀಗೇಕೆ ಆಗುತ್ತದೆಂದು ಯೋಚಿಸುವಾಗ ಒಂದು ಅಧ್ಯಯನ ನನಗೆ ನೆರವಾಯಿತು. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಜನರಿಂದ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಿಸಿದರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು ಕೈಯನ್ನು ಒಳಗೇ ಇಡಿಸಿ, ಆ ಅವಧಿಯಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಬಿಸಿಮಾಡಿದರು. ಯಾವ ಸರದಿಯನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಉದ್ದನೆಯದನ್ನು, ಒಟ್ಟು ನೋವು ಹೆಚ್ಚಿದ್ದರೂ. ಕೊನೆ ಹೇಗಿತ್ತೆಂಬುದು ಇಡೀ ಅನುಭವದ ನೆನಪಿಗೆ ಬಣ್ಣ ಕೊಡುತ್ತದೆ. ಎಂಟನೆಯ ಸೆಮಿಸ್ಟರ್ ನಮ್ಮ ಆ ಕೊನೆಯ ಮೂವತ್ತು ಸೆಕೆಂಡು. ತರಗತಿಗಳು ಕಡಿಮೆ, ಪ್ರಾಜೆಕ್ಟ್ ನಮ್ಮದೇ ಆಯ್ಕೆ, ಕಟ್ಟುನಿಟ್ಟಿನ ಪ್ರಾಧ್ಯಾಪಕರೂ ನಿಂತು ಮಾತಾಡಿಸುತ್ತಾರೆ.

ಆದ್ದರಿಂದ ನಿಮ್ಮ ಅಕ್ಕರೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನಡುವಿನ ವರ್ಷಗಳು ನಿಮ್ಮ ಮನಸ್ಸಿನಿಂದ ಅಳಿಸಿಹೋಗುವ ಮೊದಲು ಅವನ್ನು ಇದ್ದ ಹಾಗೆ ಬರೆದಿಡಿ, ಕಷ್ಟವನ್ನು ಕಷ್ಟವೆಂದೇ ಬರೆಯಿರಿ. ನಾನು ಬರೆದಿಡಲಿಲ್ಲ. ಈಗ ಕೆಲಸದಲ್ಲಿ ನನ್ನ ಕೈಕೆಳಗೆ ಬರುವ ಹುಡುಗರು ತಾವು ಸೋತೆವೆಂದು ಕುಗ್ಗಿ ಕೂತಾಗ, ಅಂದು ನನಗೆ ನಿಖರವಾಗಿ ಏನು ಅನ್ನಿಸಿತ್ತೆಂದು ಹೇಳಲು ಹೊರಟರೆ ಸಿಹಿಯಾದ ಕೊನೆ ಮಾತ್ರ ನೆನಪಿಗೆ ಬರುತ್ತದೆ, ಅದು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. ಮೂರನೆಯ ಬಾರಿಯ ಪರೀಕ್ಷೆಗೆ ಮೊದಲು ತನ್ನ ಓದನ್ನು ಬದಿಗಿಟ್ಟು ಹನ್ನೊಂದು ರಾತ್ರಿ ನನಗೆ ಲ್ಯಾಪ್ಲಾಸ್ ರೂಪಾಂತರ ಹೇಳಿಕೊಟ್ಟ ರೂಮ್‌ಮೇಟ್ ಒಬ್ಬನಿದ್ದ. ಅವನ ಋಣದ ಭಾರ ಸರಿಯಾಗಿ ತಿಳಿಯಬೇಕಾದರೂ ಆ ದಿನಗಳು ಎಷ್ಟು ಕತ್ತಲಾಗಿದ್ದವೆಂಬುದು ನೆನಪಿರಬೇಕು.

ಎಂಟನೇ ಸೆಮಿಸ್ಟರ್

ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನಗೂ ಅಂಥದ್ದೊಂದು ಸೆಮಿಸ್ಟರ್ ಇತ್ತು, ಥರ್ಮೋಡೈನಾಮಿಕ್ಸ್‌ನದು. ಪ್ರಶ್ನೆ ಬರೆಯುವಾಗ ಅದರ ಒಂದು ಸಾಲೂ ನನ್ನ ಮನಸ್ಸಿಗೆ ಬಂದಿರಲಿಲ್ಲ ಎಂಬುದು ಈಗ ಅರಿವಾಗುತ್ತಿದೆ. ನಿನ್ನೆ ರಾತ್ರಿ ಅದನ್ನು ನಾಲ್ಕು ಪುಟ ಬರೆದೆ. ಬರೆಯುತ್ತಾ ಹೋದಂತೆ ಅಕ್ಕರೆ ಕಡಿಮೆಯಾಗಲಿಲ್ಲ, ಅದಕ್ಕೆ ಕಾರಣರಾದವರು ಯಾರು ಯಾರೆಂಬುದು ಮಾತ್ರ ಹೆಚ್ಚು ಸ್ಪಷ್ಟವಾಯಿತು.

ಲ್ಯಾಬಿನ ಮೇಷ್ಟರು

ಇಪ್ಪತ್ತೆರಡು ವರ್ಷಗಳಿಂದ ಮೇಜಿನ ಈಚೆಯ ಬದಿಯಲ್ಲಿರುವವನು ನಾನು. ಮಗು, ನಿನ್ನ ಪ್ರಶ್ನೆಯನ್ನು ಪ್ರತಿವರ್ಷವೂ ಯಾರಾದರೊಬ್ಬರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ನೋ ಡ್ಯೂಸ್ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೂ ಹೊರಡುವುದಿಲ್ಲ. ಮಷಿನ್ನಿನ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುತ್ತಾರೆ. ಹಾಗಾಗಿ ಸಹಜವೇ ಎಂಬ ಪ್ರಶ್ನೆಗೆ ಸಹಜ ಎಂದು ಧೈರ್ಯವಾಗಿ ಹೇಳಬಲ್ಲೆ.

ಹೊರಡುವ ಮುನ್ನ ಒಮ್ಮೆ ನಿಲ್ಲುವ ಈ ಗಳಿಗೆಯನ್ನು ಕೆನಡಾದವರು ಒಂದು ಪದ್ಧತಿಯನ್ನಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿ ಓದು ಮುಗಿಸುವ ಹಂತದಲ್ಲಿರುವ ಎಂಜಿನಿಯರುಗಳಿಗೆ ಒಂದು ಖಾಸಗಿ ಸಮಾರಂಭದಲ್ಲಿ ಕಬ್ಬಿಣದ ಉಂಗುರ ತೊಡಿಸುತ್ತಾರೆ, ಈಗ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನದು. ಮೊದಲ ಸಮಾರಂಭ ನಡೆದದ್ದು 1925ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅದನ್ನು ಬರೆಯುವ ಕೈಯ ಕಿರುಬೆರಳಿಗೆ ಹಾಕುತ್ತಾರೆ, ಗೆರೆ ಎಳೆಯುವಾಗ, ಸಹಿ ಮಾಡುವಾಗ ಅದು ಕಾಗದಕ್ಕೆ ತಾಗುತ್ತಿರಲಿ ಎಂದು. ಹೊಸ ಉಂಗುರದ ಮೈ ಉಬ್ಬುತಗ್ಗಾಗಿರುತ್ತದೆ, ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಸವೆದು ನುಣುಪಾಗುತ್ತದೆ. ಅದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮ ವರ್ಕ್‌ಶಾಪಿನ ಅರ.

ಒಂದು ಮಾತನ್ನು ಮೇಷ್ಟರಾಗಿ ಹೇಳಲೇಬೇಕು. ಟ್ರೈ ಸ್ಕ್ವೇರಿನ ಕೆಳಗಿನ ಬೆಳಕನ್ನು ಕಂಡು ತುಂಡನ್ನು ಹಿಂದಕ್ಕೆ ಕೊಡುತ್ತಿದ್ದ ಇನ್‌ಸ್ಟ್ರಕ್ಟರ್ ಬಗ್ಗೆ ನೀನು ಬರೆದಿದ್ದೀಯ. ಹಳೆಯ ವಿದ್ಯಾರ್ಥಿಗಳು ಬಂದಾಗ ಪ್ರಾಧ್ಯಾಪಕರ ಕೋಣೆಗಳಿಗೆ ಹೋಗುತ್ತಾರೆ, ವರ್ಕ್‌ಶಾಪಿನವರೆಗೆ ಹೋಗುವವರು ಕಡಿಮೆ. ಮೊದಲ ವರ್ಷದಲ್ಲಿ ಕಲಿಸಿದ ಅವರಿಗೆ ನೀವು ಏನಾದಿರಿ ಎಂಬ ಸುದ್ದಿಯೇ ಮುಟ್ಟುವುದಿಲ್ಲ. 0.02 ಮಿಲಿಮೀಟರಿನ ವಿಷಯ ಇಲ್ಲಿ ನಮಗೆ ಬರೆದಂತೆ ಅವರಿಗೂ ಹೋಗಿ ಹೇಳು. ಮುರಿದ ಸರಳುಗಳನ್ನು ಬಹಳಷ್ಟು ಲ್ಯಾಬುಗಳಲ್ಲಿ ಕೂಡಲೇ ಎಸೆಯುವುದಿಲ್ಲ, ಮಷಿನ್ನಿನ ಪಕ್ಕದ ಡಬ್ಬದಲ್ಲಿ ಕೂಡಿಡುತ್ತಾರೆ. ಅದನ್ನೂ ಒಮ್ಮೆ ಕೇಳಿ ನೋಡು.

ಎಂಟನೇ ಸೆಮಿಸ್ಟರ್

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಮೇಷ್ಟರೇ, ಇಂದು ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗಿದ್ದೆ. ನಾನು ಹೇಳಿದ್ದನ್ನೆಲ್ಲ ಇನ್‌ಸ್ಟ್ರಕ್ಟರ್ ಕೇಳಿಸಿಕೊಂಡರು, ಬಲಗೈ ತೋರಿಸು ಎಂದರು, ಅಂಗೈ ನೋಡಿ ನಕ್ಕರು.

ಮಧ್ಯಾಹ್ನ ನಾಲ್ವರೂ ಟೆಸ್ಟಿಂಗ್ ಲ್ಯಾಬಿಗೆ ಹೋದೆವು. ಡಬ್ಬ ನೀವು ಹೇಳಿದ ಹಾಗೇ ಮಷಿನ್ನಿನ ಪಕ್ಕದಲ್ಲಿತ್ತು, ಎರಡು ಮೂರು ಬ್ಯಾಚುಗಳ ತುಂಡುಗಳು ಅದರಲ್ಲಿ ಬೆರೆತು ತುಕ್ಕು ಹಿಡಿದಿದ್ದವು. ನಮ್ಮದು ಯಾವುದೆಂದು ತಿಳಿಯುವ ಯಾವ ಗುರುತೂ ಇರಲಿಲ್ಲ. ನೆಲದ ಮೇಲೆ ಹರಡಿಕೊಂಡು ಕುಳಿತು, ಬಟ್ಟಲಿನ ಬಾಯಿರುವ ತುಂಡುಗಳನ್ನು ಒಂದು ಕಡೆ, ಶಂಕುವಿನ ಬಾಯಿರುವವನ್ನು ಇನ್ನೊಂದು ಕಡೆ ಇಟ್ಟೆವು. ಒಂದೊಂದನ್ನೇ ಹಚ್ಚಿ, ಮೊದಲ ಸೆಮಿಸ್ಟರ್‌ನಲ್ಲಿ ಕಲಿತ ಹಾಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಹೋದೆವು. ಹದಿನೇಳನೆಯ ಜೋಡಿ ಬೆಳಕು ಬಿಡದಂತೆ ಕೂಡಿಕೊಂಡಿತು. ನಮ್ಮದಲ್ಲದಿರಬಹುದು. ಲ್ಯಾಬಿನವರ ಅನುಮತಿ ಕೇಳಿ ಅದನ್ನು ತೆಗೆದುಕೊಂಡೆವು, ಇಬ್ಬರಿಗೆ ಬಟ್ಟಲು, ಇಬ್ಬರಿಗೆ ಶಂಕು ಎಂದು ಹಂಚಿಕೊಳ್ಳಲು ಇನ್ನೊಂದು ಜೋಡಿ ಬೇಕಿತ್ತು. ಅದನ್ನು ಹುಡುಕಲು ನಾಳೆ ಮತ್ತೆ ಹೋಗುತ್ತೇವೆ. ವೈವಾ ನಾಡಿದ್ದು.